ಬಾಗಿಲ ಪಕ್ಕದ ಗೂಟ

ನಮ್ಮ ಬೆಟ್ಟದೂರು ಹಿಂಟರ್‌ಫ್ಲೂನಲ್ಲಿ ಅಧಿಕಾರಕ್ಕೆ ಯಾರೂ ಆಸೆಪಡುವುದಿಲ್ಲ. ಅಧಿಕಾರವೇ ಜನರನ್ನು ಅಟ್ಟಿಸಿಕೊಂಡು ಬರುತ್ತದೆ, ಜನ ತಪ್ಪಿಸಿಕೊಂಡು ಓಡುತ್ತಾರೆ. ಊರಿ ಎಂಬ ನಮ್ಮ ಪ್ರಾಂತದ ಹಳೆಯ ಕಾನೂನು ಹಾಗಿದೆ. ಗ್ರಾಮಸಭೆ ಯಾರ ಹೆಸರಿಗೆ ಕೈ ಎತ್ತುತ್ತದೋ ಅವರು ಆ ಕೆಲಸವನ್ನು ಎರಡು ವರ್ಷ ಮಾಡಲೇಬೇಕು, ಒಲ್ಲೆ ಎನ್ನುವಂತಿಲ್ಲ. ತಪ್ಪಿಸಿಕೊಳ್ಳಬೇಕಾದರೆ ವಯಸ್ಸು ಅರವತ್ತೈದು ದಾಟಿರಬೇಕು, ಇಲ್ಲವೇ ಆ ನೊಗ ಒಮ್ಮೆ ಹೊತ್ತು ಮುಗಿಸಿರಬೇಕು, ಅದೂ ಇಲ್ಲವೆಂದರೆ ಗಂಟುಮೂಟೆ ಕಟ್ಟಿಕೊಂಡು ಊರೇ ಬಿಡಬೇಕು. ಬೇರೆ ದಾರಿ ಇಲ್ಲ.

ಹಾಗಾಗಿ ನವೆಂಬರ್ ತಿಂಗಳಲ್ಲಿ ಸಭೆ ಸೇರುವ ಭಾನುವಾರ ಚರ್ಚಿನ ಪೂಜೆ ಮುಗಿದದ್ದೇ ಇಡೀ ಊರು ಶಾಲೆಯ ಹಾಲ್‌ಗೆ ಬರುತ್ತದೆ. ಜ್ವರ ಬಂದವರೂ ಮಫ್ಲರ್ ಸುತ್ತಿಕೊಂಡು ಬರುತ್ತಾರೆ. ಊರಿನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಬಾರದವರ ಹೆಸರೇ ಮೊದಲು ಏಳುತ್ತದೆ, ಅದಕ್ಕೆ! ಹೆಸರು ಎದ್ದ ಕೂಡಲೇ ಆ ಮನುಷ್ಯನ ಸ್ನೇಹಿತರು ಒಬ್ಬೊಬ್ಬರಾಗಿ ಎದ್ದು ನಿಂತು ಅವನನ್ನು ಬೈಯಬೇಕು. ನಮ್ಮಲ್ಲಿ ಇದೇ ಸ್ನೇಹಧರ್ಮ.

“ಅವನಾ? ತನ್ನ ಹಸು ಯಾವ್ದು, ಪಕ್ಕದ್ಮನೆ ಹಸು ಯಾವ್ದು ಅಂತಾನೇ ಗೊತ್ತಾಗಲ್ಲ ಅವನಿಗೆ. ಊರು ನೋಡ್ಕೋತಾನಾ?”

“ಕುಡಿದ್ರೆ ಹಾಡ್ತಾನೆ, ಕುಡೀದಿದ್ರೆ ಅಳ್ತಾನೆ. ಬೇಡಪ್ಪಾ ಬೇಡ.”

ಬೈದಷ್ಟೂ ಏಳುವ ಕೈಗಳು ಕಡಿಮೆಯಾಗುತ್ತವೆ. ಬೈಸಿಕೊಂಡು ಪಾರಾದವನು ಆಮೇಲೆ ಬೈದವರಿಗೆಲ್ಲ ಕಾಫಿ ಕೊಡಿಸುತ್ತಾನೆ. ಆ ಕಾಫಿ ನನ್ನ ಖಾನಾವಳಿಯದು. ಎಷ್ಟೋ ವರ್ಷ ಈ ತಮಾಷೆಯನ್ನು ಕಾಫಿ ಪಾತ್ರೆಯ ಹಿಂದೆ ನಿಂತು ಕೇಳಿ ನಕ್ಕವಳು ನಾನು.

ನನ್ನ ಹೆಸರು ಒರ್ನೆಲ್ಲಾ. ಹುಟ್ಟಿದ್ದು ಇಟಲಿಯ ಬೆರ್ಗಾಮೊ ಬೆಟ್ಟಗಳಲ್ಲಿ. ಗೊಟ್ಹಾರ್ಡ್ ಬೆಟ್ಟದ ಹೊಟ್ಟೆ ಕೊರೆದು ರೈಲು ಬಿಡುವ ಕೆಲಸಕ್ಕೆ ಗಂಡ ತುಲ್ಲಿಯೊ ಬಂದ, ಅವನ ಬೆನ್ನಿಗೆ ನಾನು ಬಂದೆ. ಸುರಂಗ ಮುಗಿಯಿತು, ಬಂದವರೆಲ್ಲ ತಮ್ಮ ತಮ್ಮ ಊರಿಗೆ ಹೋದರು. ತುಲ್ಲಿಯೊ ಮಾತ್ರ, “ಅಷ್ಟು ವರ್ಷ ಬೆಟ್ಟದ ಒಳಗಿದ್ದೆ, ಈಗ ಸ್ವಲ್ಪ ದಿನ ಹೊರಗಿಂದ ನೋಡ್ತೀನಿ ಕಣೆ,” ಎಂದು ಇಲ್ಲೇ ಉಳಿದ. ಹೆಚ್ಚು ದಿನ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಸೌದೆ ಒಡೆಯುತ್ತಿದ್ದವನು ಹಾಗೇ ಕುಸಿದ. ಚರ್ಚಿನ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಅವನನ್ನು ಮಲಗಿಸಿದ್ದೇವೆ.

ಅವನಿಗೆ ಮಣ್ಣು ಕೊಟ್ಟ ಊರಿಗೆ ನಾನೂ ಸೇರಬೇಕೆಂಬ ಹಟ ನನಗೆ ಹುಟ್ಟಿದ್ದು ಆಗ. ಈ ದೇಶದಲ್ಲಿ ಪೌರತ್ವ ಬರುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೊದಲು ಊರು ಒಪ್ಪಬೇಕು, ಆಮೇಲೆ ಪ್ರಾಂತ, ಆಮೇಲೆ ದೇಶ. ಖಾನಾವಳಿಯ ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡಿದೆ. ಇಪ್ಪತ್ತಾರು ಪ್ರಾಂತಗಳ ಹೆಸರು, ದೇಶ ಆಳುವ ಏಳು ಮಂತ್ರಿಗಳ ಹೆಸರು, ಆ ಏಳು ಜನ ವರ್ಷಕ್ಕೊಬ್ಬರಂತೆ ರಾಷ್ಟ್ರಾಧ್ಯಕ್ಷರಾಗುವ ಸಂಗತಿ, ಗೊಟ್ಹಾರ್ಡಿನ ಸುತ್ತ ಹುಟ್ಟಿ ನಾಲ್ಕು ದಿಕ್ಕಿಗೆ ಓಡುವ ನಾಲ್ಕು ನದಿಗಳು. ಎಂಟು ನದಿ ಕೇಳಿದ್ದರೂ ಹೇಳುತ್ತಿದ್ದೆ.

ನನ್ನ ಅರ್ಜಿ ಬಂದ ಸಭೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಬಾಲ್ಜ್ ಹೆರ್ಗರ್ ಎದ್ದ. ಮೇಲಿನ ಕೇರಿಯ ಹಸುಗಾರ, ಆಗಲೇ ಎಪ್ಪತ್ತರ ಹತ್ತಿರ, ನಗುವುದಕ್ಕೂ ಸರ್ಕಾರದ ಅಪ್ಪಣೆ ಬೇಕೆನ್ನುವಂಥ ಮುಖ.

“ನದಿ ಎಲ್ಲಾ ಸರಿ,” ಎಂದ. “ಮಳೆ ಬಂದ್ರೆ ನಮ್ ರಸ್ತೆ ತಿನ್ನೋ ಹಳ್ಳ ಯಾವ್ದು, ಹೇಳಿ.”

“ಯಾವ ಹಳ್ಳ ತಿನ್ನಲ್ಲ ಅಂತ ಕೇಳಿ, ಹೇಳೋದು ಸುಲಭ,” ಎಂದೆ.

ಹಾಲ್ ತುಂಬ ನಗು. ಬಾಲ್ಜ್ ನಗಲಿಲ್ಲ, ಕೂತ.

ಆಮೇಲೆ ಕಾರ್ಯದರ್ಶಿ ಪಿರ್ಮಿನ್ ಟ್ರೆಶ್ ನನ್ನನ್ನು ಹೊರಗಿನ ಮೊಗಸಾಲೆಗೆ ಕಳಿಸಿದ. ಮತ ಹಾಕುವಾಗ ಅರ್ಜಿ ಹಾಕಿದವರು ಎದುರಿಗೆ ಇರಕೂಡದು. ಆ ಮೊಗಸಾಲೆಯ ಗೋಡೆಯುದ್ದಕ್ಕೂ ಕೋಟು ತೂಗಿಹಾಕುವ ಮರದ ಗೂಟಗಳಿವೆ. ಹೆಸರು ಬರೆದಿಲ್ಲ, ಆದರೆ ಯಾವ ಮನೆಗೆ ಯಾವ ಗೂಟ ಎಂದು ಊರಿಗೆಲ್ಲ ಗೊತ್ತು. ಅಜ್ಜನ ಕೋಟು ತೂಗಿದ ಗೂಟಕ್ಕೇ ಮೊಮ್ಮಗಳ ಕೋಟು. ಅವತ್ತು ಎಲ್ಲ ಗೂಟಗಳೂ ತುಂಬಿದ್ದವು. ಬಾಗಿಲ ಪಕ್ಕದ ಮೊದಲನೆಯದು ಮಾತ್ರ ಖಾಲಿಯಿತ್ತು. ನಾನು ಕೋಟು ಬಿಚ್ಚಿ ಅದಕ್ಕೆ ತೂಗಿಹಾಕಲು ಹೋದಾಗ ಪಿರ್ಮಿನ್ ಮೆಲ್ಲಗೆ, “ಅದು ಬೇಡ, ಅದು ಅಧ್ಯಕ್ಷರ್ದು. ಇವತ್ತು ಅವರಿಗೆ ಬರೋದು ತಡ,” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಮ್ಮ ಅಧ್ಯಕ್ಷರಿಗೆ ಗೂಟದ ಕಾರಿಲ್ಲ, ಆ ಗೂಟವೊಂದೇ.

ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಊರವರೆಲ್ಲರ ಕೋಟುಗಳ ನಡುವೆ ನಿಂತೆ. ಒಳಗೆ ಏನಾಗುತ್ತಿದೆ ಎಂದು ಕಿವಿಗೊಟ್ಟೆ. ಕೈ ಎತ್ತಿದರೆ ಸದ್ದಾಗುವುದಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗಲೇ. ಬಾಗಿಲು ತೆರೆಯಿತು, ಚಪ್ಪಾಳೆ ಬಿತ್ತು. “ಬಹುಮತದಿಂದ ಒಪ್ಪಿದೆ,” ಎಂದ ಪಿರ್ಮಿನ್.

ಬಹುಮತದಿಂದ. ಎಲ್ಲರೂ ಅಲ್ಲ.

ನನ್ನ ಸ್ವಭಾವವೇ ಹಾಗೆ, ತುಂಬಿದ ತಟ್ಟೆಯಲ್ಲೂ ಕಲ್ಲು ಹುಡುಕುವವಳು. ಪೌರತ್ವ ಸಿಕ್ಕಿದ ಸಂತೋಷಕ್ಕಿಂತ, ಎತ್ತದೆ ಉಳಿದ ಕೈಗಳು ಯಾವುವು ಎಂಬ ಕೊರಗೇ ಜಾಸ್ತಿಯಾಯಿತು. ಕಾಫಿ ಲೋಟಕ್ಕೆ ಚಾಚಿದ ಪ್ರತಿ ಕೈಯನ್ನೂ ನೋಡುತ್ತಿದ್ದೆ, ಇದು ಎದ್ದ ಕೈಯೋ, ಬಿದ್ದ ಕೈಯೋ ಎಂದು. ಬಾಲ್ಜ್‌ನದಂತೂ ಕೇಳುವುದೇ ಬೇಡ. ಈ ಊರಲ್ಲಿ ಕೂಸಿನಿಂದ ಪಾದ್ರಿಯವರೆಗೆ ಎಲ್ಲರಿಗೂ ಎಲ್ಲರೂ ‘ನೀನು’. ನನಗೆ ಮಾತ್ರ ಅವನು ‘ನೀವು’ ಎನ್ನುತ್ತಿದ್ದ. ಅವನನ್ನು ನೋಡಿ ಇನ್ನಷ್ಟು ಜನ ಹಾಗೇ ಕರೆಯುತ್ತಿದ್ದರು. ಮರ್ಯಾದೆ ಕೊಟ್ಟು ದೂರ ಇಡುವುದು ಅಂದರೆ ಇದೇ.

ಹೋದ ಆಗಸ್ಟಿನಲ್ಲಿ ಹಳ್ಳ ಬಂದು ರಸ್ತೆಯನ್ನು ನುಂಗಿಯೇ ನುಂಗಿತು. ಮನೆಗಳಿಗೆ ಕೆಸರು ನುಗ್ಗಿತು. ಸುರಂಗದವರು ಬಿಟ್ಟುಹೋದ ದೊಡ್ಡ ಹಂಡೆಯಲ್ಲಿ ಪೊಲೆಂಟಾ, ಅದೇ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬೇಯಿಸಿ, ಶಾಲೆಯ ಹಾಲ್‌ನಲ್ಲಿ ಮಲಗಿದ್ದವರಿಗೆಲ್ಲ ಎರಡು ವಾರ ಬಡಿಸಿದೆ. ಪ್ರಾಂತದ ರಾಜಧಾನಿ ಆಲ್ಟ್‌ಡಾರ್ಫ್‌ನಿಂದ ಎಂಜಿನಿಯರ್ ಒಬ್ಬ ಕಲ್ಲು ಹಾರಿಕೊಂಡು ಬಂದು, ಇನ್ನು ಮೇಲೆ ಚಳಿಗಾಲದಲ್ಲಿ ಈ ರಸ್ತೆ ಮುಚ್ಚುವುದೇ ಒಳ್ಳೆಯದೇನೋ, ರೋಪ್‌ವೇ ಇದೆಯಲ್ಲ, ಎಂದ. ಸೌಟು ಹಿಡಿದುಕೊಂಡೇ ಅವನ ಜೊತೆ ಜಗಳಕ್ಕೆ ನಿಂತೆ. ಏನೇನು ಕೂಗಿದೆನೋ ನೆನಪಿಲ್ಲ. ಸಿಟ್ಟು ಬಂದಾಗ ನನಗೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ.

ಆ ಎರಡು ವಾರ ಮುಗಿದ ಮೇಲೆ ಒಂದು ದಣಿವು ಬಂತು ನೋಡಿ, ಮಲಗಿದರೂ ಹೋಗಲಿಲ್ಲ. ಜನ ತಮ್ಮ ತಮ್ಮ ಮನೆಗೆ ಹೋದರು, ಹಂಡೆ ತೊಳೆದು ನಾನು ನನ್ನ ಮನೆಗೆ ಬಂದೆ. ಯಾರೂ ಒಂದು ಮಾತು ಹೇಳಲಿಲ್ಲ. ಈ ಬೆಟ್ಟದ ಜನರ ಬಾಯಿಂದ ಒಳ್ಳೆಯ ಮಾತು ಹೊರಡಿಸುವುದೂ ಒಂದೇ, ಬಂಡೆ ಹಿಂಡಿ ಹಾಲು ಕರೆಯುವುದೂ ಒಂದೇ. ಅದೇ ಹೊತ್ತಿಗೆ ಬೆರ್ಗಾಮೊ ಕಡೆಯಿಂದ ಅಕ್ಕ ಫೌಸ್ತಾ ಫೋನ್ ಮಾಡಿದಳು. “ಮಹಡಿ ಮೇಲಿನ ಕೋಣೆ ಖಾಲಿ ಇದೆ ಕಣೆ. ಯಾರಿಗೋಸ್ಕರ ಅಲ್ಲಿ ಕೂತಿದ್ದೀಯ? ಬಂದ್ಬಿಡು,” ಎಂದಳು. ಸರಿ, ಕ್ರಿಸ್‌ಮಸ್‌ಗೆ ಮುಂಚೆ ಬರುತ್ತೇನೆ ಎಂದೆ. ಖಾನಾವಳಿಯ ಬಾಗಿಲಿಗೆ ಚೀಟಿ ಅಂಟಿಸಿದೆ. ಓದಿದವರು ಓದಿ, ತಲೆಯಾಡಿಸಿ, ಕಾಫಿ ಕುಡಿದು ಹೋದರು. ಇರು ಎಂದವರು ಒಬ್ಬರೂ ಇಲ್ಲ.

ಇಷ್ಟಾದ ಮೇಲೆ ನವೆಂಬರಿನ ಆ ಭಾನುವಾರ ನಾನು ಸಭೆಗೆ ಯಾಕೆ ಹೋಗಲಿ? ಮನೆಯಲ್ಲಿ ಕೂತು ಪಿಂಗಾಣಿ ತಟ್ಟೆಗಳಿಗೆ ಹಳೇ ಬಟ್ಟೆ ಸುತ್ತುತ್ತಿದ್ದೆ. ನಾನು ಹೊರಗಿನವಳೆಂಬ ನಂಬಿಕೆ ನನ್ನೊಳಗೇ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಹಾಳು ಕಾನೂನು ಈಗ ನನ್ನನ್ನೂ ಮುಟ್ಟುತ್ತದೆ ಎಂದು ತಲೆಗೇ ಬರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಪಿರ್ಮಿನ್, ಕೊರಳಿಗೆ ಟೈ ಬೇರೆ. ಹಿಂದೆ ಬಾಲ್ಜ್, ಟೋಪಿ ಕೈಯಲ್ಲಿ.

“ಖಾನಾವಳಿ ಮುಚ್ಚಿದೆ,” ಎಂದೆ.

“ಕಾಫಿಗೆ ಬಂದಿಲ್ಲ ಒರ್ನೆಲ್ಲಾ.” ಪಿರ್ಮಿನ್ ಗಂಟಲು ಸರಿಮಾಡಿಕೊಂಡ. “ಸಭೆ ಮುಗೀತು. ನಿಮ್ಮನ್ನ ಅಧ್ಯಕ್ಷೆ ಮಾಡಿದಾರೆ.”

“ಯಾವುದಕ್ಕೆ? ಪೊಲೆಂಟಾ ಕಲಸೋ ಸಂಘಕ್ಕಾ?”

“ಪಂಚಾಯ್ತಿಗೆ.”

ಜೋರಾಗಿ ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ. ನನ್ನ ನಗು ಅರ್ಧಕ್ಕೇ ನಿಂತಿತು.

“ತಮಾಷೆನಾ? ನಾನು ಊರು ಬಿಡ್ತಿದೀನಿ. ಬಾಗಿಲ ಮೇಲೆ ಬರ್ದು ಅಂಟಿಸಿದೀನಲ್ಲ, ಓದಕ್ ಬರಲ್ವಾ ಯಾರಿಗೂ?”

“ಬಿಟ್ರೆ ಸರಿ, ಬಿಡುಗಡೆ. ಬಿಡೋ ತನಕ ನೀವು ಈ ಊರವರೇ,” ಎಂದ ಪಿರ್ಮಿನ್. “ಕಾನೂನು ಹಾಗಿದೆ.”

“ಬೇರೆ ಯಾರೂ ಸಿಗಲಿಲ್ವಾ ನಿಮಗೆ?”

“ಸಿಕ್ಕಿದ್ರು. ಎಲ್ರೂ ಬೈಸ್ಕೊಂಡು ಬಚಾವಾದ್ರು.”

“ಮತ್ತೆ ನನ್ನ? ನನ್ನ ಯಾರೂ ಬೈಲಿಲ್ವಾ?”

ಪಿರ್ಮಿನ್ ತನ್ನ ಬೂಟು ನೋಡಿಕೊಂಡ. “ಇಲ್ಲ. ಒಬ್ರೂ ಬಾಯಿ ಬಿಡಲಿಲ್ಲ.”

ಅದು ನಾಟಿತು ನೋಡಿ. ಅಧ್ಯಕ್ಷೆ ಮಾಡಿದ್ದಕ್ಕಿಂತ ಅದೇ ನೋಯಿಸಿತು. ಇಷ್ಟು ವರ್ಷ ಈ ಊರಿಗೆ ಕಾಫಿ ಕಾಸಿ ಕುಡಿಸಿದ್ದೇನೆ, ಹೆಣ ಬಿದ್ದ ಮನೆಗೆ ಸಾರು ಹೊತ್ತಿದ್ದೇನೆ, ನನ್ನನ್ನು ಬೈಯಲು ಒಂದು ನರಪಿಳ್ಳೆಗೂ ಬಾಯಿ ಬರಲಿಲ್ಲವೇ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನೋಡಿದ್ದಾರೆ, ಹೇಗೂ ಇಟಲಿಯವಳು ಇದ್ದಾಳೆ, ಅವಳ ಕೈಗೆ ಕೊಡಿ ಎಂದಿದ್ದಾರೆ. ಇಬ್ಬರ ಮುಖದ ಮೇಲೆ ಬಾಗಿಲು ಹಾಕಿದೆ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ನನ್ನ ತಂಗೀ, ಅವರ ಕತ್ತೆಗಳೆಲ್ಲ ಮಲಗಿವೆ ಅಂತ ಪಕ್ಕದೂರಿನ ಕತ್ತೆ ಮೇಲೆ ಹೊರೆ ಹಾಕಿದಾರೆ ಕಣೆ!”

“ನಾಳೇನೇ ಹೋಗಿ ಊರಿನ ಪಟ್ಟಿಯಿಂದ ಹೆಸರು ತೆಗಿಸ್ತೀನಿ ಅಕ್ಕಾ,” ಎಂದೆ. “ಕ್ರಿಸ್‌ಮಸ್ ತನಕ ಕಾಯಲ್ಲ.”

“ಬಾ. ಹಾಸಿಗೆ ಬಿಸಿಲಿಗೆ ಹಾಕಿರ್ತೀನಿ.”

ಸೋಮವಾರ ಪಂಚಾಯಿತಿ ಕಚೇರಿ ತೆರೆಯುವುದು ಮಧ್ಯಾಹ್ನ. ಅಷ್ಟರವರೆಗೆ ಸಿಟ್ಟನ್ನು ಒಳಗಿಟ್ಟುಕೊಂಡು ಕೂರಲು ನನ್ನಿಂದಾಗಲಿಲ್ಲ. ಮೇಲಿನ ಕೇರಿ ಹತ್ತಿ ಬಾಲ್ಜ್‌ನ ಕೊಟ್ಟಿಗೆಗೆ ನುಗ್ಗಿದೆ. ಅವನು ಒಂದು ಕಂದು ಹಸುವಿನ ಗೊರಸು ನೋಡುತ್ತಿದ್ದ.

“ನನ್ನ ಹೆಸರು ಎತ್ತಿದ್ದು ಯಾರು?” ಎಂದೆ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

“ನಾನು.”

“ಗೊತ್ತಿತ್ತು! ನನ್ನ ಕಂಡ್ರೆ ನಿಮಗೆ ಆಗಲ್ಲ ಅಂತ ಮೊದಲಿಂದ ಗೊತ್ತು. ಹೋಗೋಳಿಗೂ ಒಂದು ಒದೆ ಕೊಟ್ಟು ಕಳಿಸೋಣ ಅಂತಾನಾ?”

ಅವನು ಗೊರಸು ಕೆಳಗಿಟ್ಟು, ಹಸುವಿನ ಬೆನ್ನು ತಟ್ಟಿ, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಎದ್ದ.

“ಆಗಸ್ಟಲ್ಲಿ ಆ ಎಂಜಿನಿಯರ್‌ಗೆ ಏನಂದ್ರಿ, ನೆನಪಿದ್ಯಾ?”

“ಕತ್ತೆ ಅಂದೆ ಅನ್ಸತ್ತೆ. ಯಾಕೆ, ಅವನ ಪರ ವಕಾಲತ್ತಾ?”

“ಅದೂ ಅಂದ್ರಿ. ಅದಕ್ಕೆ ಮುಂಚೆ ಇನ್ನೊಂದ್ ಅಂದ್ರಿ. ‘ಇದು ನಮ್ಮ ರಸ್ತೆ. ನಮ್ ಮಕ್ಕಳು ಇದರಲ್ಲಿ ಓಡಾಡ್ತಾರೆ, ನಮ್ ಸತ್ತೋರ್ನ ಇದರಲ್ಲೇ ತರ್ತೀವಿ. ಮುಚ್ಚಕ್ಕೆ ನೀನ್ಯಾವನು’ ಅಂದ್ರಿ. ನಾವೆಲ್ಲ ಅಲ್ಲೇ ಇದ್ವಿ. ಈ ಊರಲ್ಲೇ ಹುಟ್ಟಿದ ಗಂಡಸ್ರು ಬಾಯಿ ಮುಚ್ಕೊಂಡು ನಿಂತಿದ್ವಿ.”

ಆ ಮಾತು ಆಡಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

“ಹಾಗಿದ್ರೆ ನನ್ನ ಪರವಾಗಿ ಒಬ್ರಾದ್ರೂ ಬೈಬೇಕಿತ್ತು,” ಎಂದೆ. ಸಿಟ್ಟು ಇಳಿಯಲು ಬಿಡಬಾರದೆಂದು ಜೋರಾಗಿಯೇ ಹೇಳಿದೆ. “ಸ್ನೇಹಿತರಿಗೆ ಎಲ್ರೂ ಮಾಡೋದನ್ನ ನನಗೆ ಮಾಡಲಿಲ್ಲ. ಎಲ್ರೂ ಕಲ್ಲಿನ ಹಾಗೆ ಕೂತಿದ್ರಂತೆ.”

“ಹೇಗೆ ಬೈಯೋದು? ಬೈದ್ರೆ ನೀವು ಹೋಗ್ಬಿಡ್ತೀರಲ್ಲ.”

ಹಸು ತಲೆ ಒದರಿತು, ಕೊರಳಿನ ಗಂಟೆ ಸದ್ದಾಯಿತು. ಬಾಲ್ಜ್ ಆ ಗಂಟೆಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನಾಗಿಸಿದ.

“ಚೀಟಿ ಅಂಟಿಸಿದಾಗಿಂದ ಊರಲ್ಲಿ ಇದೇ ಮಾತು. ಇರಿ ಅಂತ ಯಾರ್ ಹೇಳೋದು? ಅವನು ಹೇಳ್ಲಿ ಅಂತ ಇವನು, ಇವನು ಹೇಳ್ಲಿ ಅಂತ ಅವನು. ನಾನೇ ಎರಡು ಸಲ ಹೇಳ್ಬೇಕು ಅಂತ ಬಂದು, ಕಾಫಿ ಕುಡ್ದು ವಾಪಸ್ ಬಂದೆ.” ಅವನ ಕಿವಿ ಕೆಂಪಗಾಗಿತ್ತು. “ಹೋಗ್ಬೇಡ ಅನ್ನಕ್ಕೆ ನಮಗೆ ಬಾಯಿ ಬರಲ್ಲ ಕಣಮ್ಮ. ಕೈ ಎತ್ತಕ್ಕೆ ಬರತ್ತೆ. ಅಷ್ಟೇ ಕಲ್ತಿರೋದು ನಾವು.”

ಹಾಲು ಕರೆಯುವ ಮೂರುಕಾಲಿನ ಮಣೆ ಅಲ್ಲೇ ಇತ್ತು, ಅದರ ಮೇಲೆ ಕೂತುಬಿಟ್ಟೆ. ಬಂಡೆಯಿಂದ ಹಾಲು ಬರುವುದಿಲ್ಲ ಎಂದಿದ್ದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಕೂತಲ್ಲಿಂದಲೇ ಕೇಳಿದೆ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಅದು. “ನನ್ನ ಪೌರತ್ವದ ದಿನ ಕೈ ಎತ್ತದೇ ಇದ್ದೋರು ಎಷ್ಟು ಜನ?”

“ಒಬ್ಬ.”

“ಒಬ್ನೇನಾ? ಯಾರು?”

“ಯಾರಿರ್ತಾರೆ? ನಾನೇ.” ಅವನು ನನ್ನ ಕಣ್ಣನ್ನೇ ನೋಡಿ ಹೇಳಿದ. “ಸುರಂಗದ ಜನ ಸುರಂಗ ಮುಗಿದ್ ಮೇಲೆ ಹೋಗ್ತಾರೆ, ಇವರೂ ಇವತ್ತಲ್ಲ ನಾಳೆ ಹೋಗ್ತಾರೆ, ಹೋಗೋರಿಗೆ ಊರು ಯಾಕೆ ಕೊಡ್ಬೇಕು ಅಂದ್ಕೊಂಡೆ. ತಪ್ಪಾಯ್ತು. ಆಗಸ್ಟಲ್ಲೇ ಹೇಳ್ಬೇಕಿತ್ತು. ನಿನ್ನೆ ಎಲ್ರಿಗಿಂತ ಮೊದ್ಲು ಕೈ ಎತ್ತಿದೆ.”

ಎಷ್ಟು ಕೈಗಳನ್ನು ಸುಮ್ಮಸುಮ್ಮನೆ ಅನುಮಾನಿಸಿದ್ದೆ, ದೇವರೇ. ಊರಿಗೆ ಊರೇ ಕೈ ಎತ್ತಿತ್ತು. ನಾನು ಎಣಿಸುತ್ತಾ ಕೂತದ್ದು ಎತ್ತದ ಒಂದೇ ಒಂದನ್ನು. ಆ ಒಂದು ಕೈ ಈಗ ನನ್ನೆದುರು ಗೋಡೆಗೂಡಿನಿಂದ ಒಂದು ಬಾಟಲಿ, ಎರಡು ಸಣ್ಣ ಲೋಟ ತೆಗೆಯುತ್ತಿತ್ತು. ಬೆಟ್ಟದ ಬೇರು ಕಾಸಿ ಇಳಿಸಿದ ಕಹಿ ಸಾರಾಯಿ, ಹಸುವಿಗೆ ಹೊಟ್ಟೆ ನೋವಾದರೂ ಅದೇ, ಮನುಷ್ಯರಿಗಾದರೂ ಅದೇ. ಇಲ್ಲಿಯವರು ‘ನೀವು’ ಬಿಟ್ಟು ‘ನೀನು’ ಅನ್ನುವ ಮುಂಚೆ ಒಂದು ಲೋಟ ಜೊತೆಯಾಗಿ ಕುಡಿಯುತ್ತಾರೆ, ಹೆಸರು ಗೊತ್ತಿದ್ದರೂ ಹೊಸದಾಗಿ ಹೇಳುತ್ತಾರೆ.

“ಬಾಲ್ಜ್,” ಎಂದ ಅವನು ಲೋಟ ಎತ್ತಿ.

“ಒರ್ನೆಲ್ಲಾ,” ಎಂದೆ. ಕಹಿ ನೆತ್ತಿಗೇರಿತು, ಕಣ್ಣಲ್ಲಿ ನೀರು ಬಂತು. ಎಲ್ಲ ನೀರೂ ಕಹಿಯಿಂದ ಬಂದದ್ದಲ್ಲ.

“ಹೋಗೋದಾದ್ರೆ ಹೋಗು,” ಎಂದ ಬಾಲ್ಜ್. “ಹಗ್ಗ ಹಾಕಿ ಕಟ್ಟಕ್ಕೆ ನೀನೇನು ಹಸು ಅಲ್ಲ. ಹೇಳೋದು ಹೇಳಿದೀನಿ.”

ಹಾಗೆಂದು ಅಲ್ಲೇ ಕುಣಿದಾಡಿ ಒಪ್ಪಿಕೊಂಡೆ ಎಂದುಕೊಳ್ಳಬೇಡಿ. ಇಳಿಜಾರು ಇಳಿಯುವಾಗ ಕಾಲು ಒಂದು ಕಡೆ, ಮನಸ್ಸು ಒಂದು ಕಡೆ. ಅಕ್ಕ ಹಾಸಿಗೆ ಬಿಸಿಲಿಗೆ ಹಾಕಿರುತ್ತಾಳೆ. ವಯಸ್ಸು ಐವತ್ತೆಂಟು, ಮಂಡಿ ಎರಡೂ ಹೇಳಿದ ಮಾತು ಕೇಳುವುದಿಲ್ಲ. ಬಜೆಟ್ಟು, ಚರಂಡಿ, ಹಿಮ ತೆಗೆಯುವ ಗಾಡಿ, ಊರ ಉಸಾಬರಿಯೆಲ್ಲ ಹೊರಲು ನನಗೇನು ಹುಚ್ಚೇ? ಚರ್ಚಿನ ಪಕ್ಕ ತುಲ್ಲಿಯೊನ ಹತ್ತಿರ ನಿಂತೆ. ಆಗಸ್ಟಿನ ಕೆಸರು ಅಲ್ಲಿಗೂ ಬಂದಿತ್ತು. ಆದರೆ ಅವನ ಕಲ್ಲು ತೊಳೆದು, ಹೂವಿನ ಗಿಡ ಹೊಸದಾಗಿ ನೆಟ್ಟಿದ್ದರು. ಇದು ನಾನು ಮಾಡಿದ್ದಲ್ಲ. ಹಂಡೆ ಕಾಯುತ್ತಿದ್ದ ದಿನಗಳಲ್ಲಿ ಬಂದು ನೋಡಿದಾಗಲೂ ಹೀಗೇ ಇತ್ತು. ಪಕ್ಕದವರ ಕಲ್ಲು ತೊಳೆಯುವಾಗ ಜೊತೆಗೆ ತೊಳೆದಿರಬೇಕೆಂದು ಯೋಚನೆ ಮಾಡದೆ ಹೋಗಿದ್ದೆ. ಇವತ್ತು ಪಕ್ಕದ ಕಲ್ಲು ನೋಡಿದೆ, ಅದಕ್ಕಿನ್ನೂ ಕೆಸರು ಮೆತ್ತಿಕೊಂಡಿತ್ತು. ಅದು ಹೆರ್ಗರ್ ಮನೆಯವರದು, ಬಾಲ್ಜ್‌ನ ಸ್ವಂತ ಅಪ್ಪನದು.

ಅಲ್ಲಿಂದ ಕಚೇರಿಗೆ ಹೋದೆ. ಹೆಸರು ತೆಗೆಸಲು ಹೋದೆನೋ, ಇರಿಸಲು ಹೋದೆನೋ ಎಂದು ಕೇಳಿದರೆ ಈಗಲೂ ನಿಜ ಹೇಳಲಾರೆ. ಒಳಗೆ ಪಿರ್ಮಿನ್‌ನ ಮೇಜಿನ ಮುಂದೆ ಅದೇ ಎಂಜಿನಿಯರ್ ನಿಂತಿದ್ದ. ಹೆಲ್ಮೆಟ್ ಕಂಕುಳಲ್ಲಿ, ಸುರುಳಿ ಸುತ್ತಿದ ನಕ್ಷೆ ಕೈಯಲ್ಲಿ. ಪಾಪ, ಕೆಟ್ಟವನೇನಲ್ಲ, ಅವನ ಕೆಲಸ ಅವನು ಮಾಡುತ್ತಾನೆ. ಬೆನ್ನು ಹಾಕಿ ನಿಂತವನಿಗೆ ನಾನು ಕಂಡಿರಲಿಲ್ಲ, ಅಥವಾ ಕಂಡರೂ ಸೌಟಿಲ್ಲದೆ ಗುರುತು ಸಿಗಲಿಲ್ಲ.

“ಜನವರಿಯಲ್ಲಿ ನಿಮ್ಮ ರಸ್ತೆ ವಿಚಾರ ಪ್ರಾಂತದ ಸಭೆಗೆ ಬರತ್ತೆ,” ಎನ್ನುತ್ತಿದ್ದ. “ಚಳಿಗಾಲ ಮುಚ್ಚೋದಾ, ಹಳ್ಳದ ಹತ್ರ ರಸ್ತೆಗೆ ಕಲ್ಲು ಕೆಸರು ಬೀಳದ ಹಾಗೆ ಮೇಲೆ ಚಾವಣಿ ಕಟ್ಟೋದಾ ಅಂತ. ಊರಿನ ಕಡೆಯಿಂದ ಯಾರ್ ಮಾತಾಡ್ತಾರೆ? ಅಧ್ಯಕ್ಷರು ಯಾರು?”

“ಡಿಸೆಂಬರ್ ಮುಗಿಯೋ ತನಕ ಹಳಬರು,” ಎಂದ ಪಿರ್ಮಿನ್. “ಆಮೇಲೆ...”

ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದ. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನೂ ಈ ಬೆಟ್ಟದವನೇ ತಾನೇ.

“ಆಮೇಲೆ ನಾನು,” ಎಂದೆ. “ಕೂತ್ಕೊಳ್ಳಪ್ಪ. ಆ ನಕ್ಷೆ ಬಿಡಿಸು ನೋಡೋಣ.”

ಎಂಜಿನಿಯರ್ ತಿರುಗಿ ನೋಡಿ, ಗುರುತು ಹತ್ತಿ, ಹೆಲ್ಮೆಟ್ ಹಾಕಿಕೊಳ್ಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದ. ಆಮೇಲೆ ಕೂತ. ಪಿರ್ಮಿನ್ ನನ್ನನ್ನೇನೂ ಕೇಳದೆ ಇನ್ನೊಂದು ಕುರ್ಚಿ ಎಳೆದುಕೊಟ್ಟ.

ಸಂಜೆ ಅಕ್ಕನಿಗೆ ಹೇಳಿದೆ. ಬೈಗುಳ ಕೇಳಲು ತಯಾರಾಗಿಯೇ ಫೋನ್ ಹಿಡಿದಿದ್ದೆ.

“ತಲೆ ಕೆಟ್ಟಿದೆ ನಿನಗೆ,” ಎಂದಳು. “ಆ ಜನ ನಿನ್ನ ಕೈಲಿ ದುಡಿಸ್ಕೊಳ್ಳಕ್ಕೆ ನೋಡ್ತಿದಾರೆ.”

“ಹೌದು ಅಕ್ಕಾ. ಅದಕ್ಕೇ.”

“ಅದಕ್ಕೇ ಅಂದ್ರೆ?”

“ನಾನು ನಿನ್ನ ಮನೆಗೆ ಬಂದ್ರೆ ನನಗೆ ಪಾತ್ರೆ ಮುಟ್ಟಕ್ಕೆ ಬಿಡ್ತೀಯಾ?”

“ಛೇ, ನೀನು ಬರೋದೇ ಅಪರೂಪ. ಕೂತ್ಕೋ ಅಂತೀನಿ.”

“ನಿನ್ನ ಮಗಳು ಬಂದ್ರೆ?”

“ಅವಳ ಕೈಗೆ ಪೊರಕೆ ಕೊಡ್ತೀನಿ,” ಎಂದಳು ಅಕ್ಕ. ದನಿ ಮೆತ್ತಗಾಗಿತ್ತು. “ಆಯ್ತು ಕಣೆ. ಹಾಸಿಗೆ ಒಳಗೆ ತೊಗೋತೀನಿ. ಎರಡು ವರ್ಷ ಆದ್ಮೇಲೆ ಮತ್ತೆ ಬಿಸಿಲಿಗೆ ಹಾಕಿದ್ರಾಯ್ತು.”

ಜನವರಿಯ ಮೊದಲ ಸಭೆಯ ದಿನ ಹಿಮ ಮಂಡಿಯವರೆಗೆ ಬಿದ್ದಿತ್ತು. ಹೊಸ ಅಧ್ಯಕ್ಷೆ ತಡವಾಗಿ ಬಂದಳು ಎನಿಸಿಕೊಳ್ಳಬಾರದೆಂದು ಬೇಗ ಹೊರಟೆ. ಆದರೂ ಊರಿನ ಹೆಚ್ಚಿನವರು ನನಗಿಂತ ಮೊದಲೇ ಬಂದಿದ್ದರು. ಮೊಗಸಾಲೆಯಲ್ಲಿ ಒದ್ದೆ ಉಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಅವರವರ ಗೂಟದಲ್ಲಿ ಅವರವರ ಕೋಟು, ನನಗೆಂದು ಒಂದೂ ಖಾಲಿ ಕಾಣಲಿಲ್ಲ. ನಾನು ಅಭ್ಯಾಸಬಲದಿಂದ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, ಒಳಗಿನ ಗದ್ದಲ ಕೇಳುತ್ತಾ, ಏನು ಮಾತಾಡುವುದೆಂದು ತಲೆಯಲ್ಲೇ ಜೋಡಿಸಿಕೊಳ್ಳುತ್ತಾ ಬಾಗಿಲಿಗೆ ಕೈ ಹಾಕಿದೆ.

ಹಿಂದಿನಿಂದ ಬಾಲ್ಜ್ ಬಂದ, ಬೂಟಿನ ಹಿಮ ಒದರುತ್ತಾ.

“ಅದೇನು ಕೋಟು ಹೊತ್ಕೊಂಡು ಓಡಾಡ್ತಿದೀಯ, ಬಸ್ಸಿಗೆ ಕಾಯೋರ ಹಾಗೆ,” ಎಂದು ಗದರಿದ. ನನ್ನ ತೋಳಿನಿಂದ ಕೋಟು ಕಿತ್ತುಕೊಂಡು, ಅದರ ಮೇಲಿನ ಹಿಮ ಕೊಡವಿ, ಬಾಗಿಲ ಪಕ್ಕದ ಮೊದಲನೆಯ ಗೂಟಕ್ಕೆ ತೂಗಿಹಾಕಿದ. “ಹೋಗು ಒಳಗೆ. ಎಲ್ರೂ ಕಾಯ್ತಿದಾರೆ.”